ಹೂ ಮುಗಿದ ಮಲ್ಲಿಗೆ

ಇವತ್ತು ಬಾಲ್ಕನಿಯಲ್ಲಿ ಮಲ್ಲಿಗೆ ಗಿಡ ಕತ್ತರಿಸುತ್ತಿದ್ದೆ. ಹಸಿ ಕಡ್ಡಿಯ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ಚಿಕ್ಕಂದಿನ ಸನತ್‌ನಗರದ ಕಾರ್ಖಾನೆ ಕ್ವಾರ್ಟರ್ಸಿನ ಅಂಗಳದಲ್ಲಿದ್ದೆ.

ಅಲ್ಲಿ ಅಪ್ಪ ಹಚ್ಚಿದ ದುಂಡುಮಲ್ಲಿಗೆ ಇತ್ತು. ಮೊಗ್ಗಿರುವಾಗ ಯಾರಾದರೂ ಕತ್ತರಿ ಮುಟ್ಟಿದರೆ ಬೈಗುಳ. ಹೂ ಮುಗಿದು ಮೊದಲ ಮಳೆ ಬಿದ್ದ ಮೇಲೆ ತಾನೇ ಕತ್ತರಿಗೆ ಎಣ್ಣೆ ಬಿಡುತ್ತಿದ್ದ. ಒಣಗಿದ ಕಡ್ಡಿಯನ್ನು ಬುಡದಲ್ಲೇ ತೆಗೆಯುತ್ತಿದ್ದ. ಹೂ ಬಿಟ್ಟ ಕಡ್ಡಿಯನ್ನು ಎಲೆಗೆಣ್ಣಿನ ತುಸು ಮೇಲೆ ಕತ್ತರಿಸುತ್ತಿದ್ದ. ಹೊಸ ಚಿಗುರಿನಲ್ಲೇ ಮುಂದಿನ ಹೂ ಎನ್ನುತ್ತಿದ್ದ.

ಅದೇ ಊರಿನ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಆ ದಿನಗಳಲ್ಲೇ ಅಪ್ಪನ ಕಾರ್ಖಾನೆಗೆ ಬೀಗ ಬಿತ್ತು. ಕ್ವಾರ್ಟರ್ಸ್ ಬಿಡಬೇಕಾಯಿತು. ಸಾಮಾನು ಕಟ್ಟಿಟ್ಟ ದಿನವೂ ಅಪ್ಪ ಕತ್ತರಿ ಹಿಡಿದು ಗಿಡದ ಮುಂದೆ ಕೂತ.

"ಹೋಗೋ ಮಂದಿ ನಾವು. ಯಾರ ಸಲುವಾಗಿ ಕತ್ತರಸಾಕತ್ತೀರಿ?" ಎಂದಳು ಅವ್ವ.

"ನಾವು ಹೊಂಟಿದ್ದು ಗಿಡಕ್ಕೇನು ಗೊತ್ತು?"

ಮುಂದಿನ ಬೇಸಿಗೆಯಲ್ಲಿ, ಕಾಚಿಗೂಡದ ನಮ್ಮ ಬಾಡಿಗೆ ಖೋಲಿಯಿಂದ ಅಪ್ಪ ಒಬ್ಬನೇ ಹಳೆಯ ಕ್ವಾರ್ಟರ್ಸಿಗೆ ಹೋಗಿಬಂದ. ಚಪ್ಪಲಿ ತುಂಬ ಕೆಡವಿದ ಗೋಡೆಗಳ ಇಟ್ಟಂಗಿಯ ಕೆಂಪು ಧೂಳು.

"ಹೂ ಬಿಟ್ಟಾವೇನ್ರಿ?" ಅವ್ವ ಕೇಳಿದಳು.

"ಭಾಳ ಬಿಟ್ಟಾವ," ಎಂದು ಗೋಡೆಯ ಕಡೆ ತಿರುಗಿ ಮಲಗಿದ.

ಅವ್ವ ಚಪ್ಪಲಿ ಹೊರಗೊಯ್ದು ಝಾಡಿಸಿದಳು.

ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ಇವತ್ತು ನನ್ನ ಕತ್ತರಿಯನ್ನೇ ನೋಡುತ್ತ ಕೂತಿದ್ದ ಅವ್ವ ಒಮ್ಮೆಲೇ ಅಂದಳು: "ಅವತ್ತು ಖರೇನೇ ಹೂ ಬಿಟ್ಟಿದ್ರ, ನಿಮ್ಮಪ್ಪ ನನಗ ಒಂದಾದ್ರೂ ತರ್ತಿದ್ರು."