ತೇರಹಳ್ಳಿ ಬೆಟ್ಟದಿಂದ ಇಳಿದ ಹಳದಿ ಕಾರು

ಎರಡು ವರ್ಷದ ಹಿಂದಿನ ಡಿಸೆಂಬರ್ ತಿಂಗಳು. ಹುರುಳಿ ಕಿತ್ತು ಒಣಹಾಕುವ ಕಾಲ. ನಾನೂ ನಮ್ಮ ಯಜಮಾನರೂ ಕೋಲಾರದಲ್ಲಿ ಒಂದು ಸಣ್ಣ ಡ್ರೈವಿಂಗ್ ಸ್ಕೂಲ್ ನಡೆಸುತ್ತೇವೆ. ಮನೆ ಇರುವುದು ಶ್ರೀನಿವಾಸಪುರದಲ್ಲಿ. ಗಂಡಸರಿಗೆ ಅವರು ಕಲಿಸುತ್ತಾರೆ, ಹೆಂಗಸರಿಗೆ ನಾನು. ಟೀಚರುಗಳು, ನರ್ಸುಗಳು, ಅಂಗಡಿ ಇಟ್ಟವರು, ಮೊಮ್ಮಕ್ಕಳನ್ನು ಕಂಡ ಅಜ್ಜಿಯರು ಎಲ್ಲರೂ ನನ್ನ ಹತ್ತಿರ ಬೈಸಿಕೊಂಡೇ ಕಾರು ಕಲಿತಿದ್ದಾರೆ. ಕ್ಲಚ್ಚನ್ನು ದಬಕ್ಕನೆ ಬಿಟ್ಟರೆ ನನಗೆ ತಡೆಯುವುದಿಲ್ಲ, ಬಾಯಿ ತಾನಾಗಿ ಜೋರಾಗುತ್ತದೆ.

ಆದರೆ ಒಂದು ವಿಷಯವನ್ನು ನಾನು ಯಜಮಾನರನ್ನು ಬಿಟ್ಟು ಎಲ್ಲರಿಂದಲೂ ಮುಚ್ಚಿಟ್ಟಿದ್ದೆ. ಕಾರು ಕಲಿಸುವ ಈ ಮೇಡಂ ಆರು ವರ್ಷದಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ.

ಆ ಡಿಸೆಂಬರಿಗೂ ಆರು ವರ್ಷದ ಹಿಂದೆ ಆವನಿಯಿಂದ ಬರುವಾಗ ಒಂದು ತಿರುವಿನಲ್ಲಿ ಟ್ರ್ಯಾಕ್ಟರ್ ಎದುರಿಗೆ ಬಂದಿತ್ತು, ರಸ್ತೆಯ ಮಧ್ಯಕ್ಕೇ. ನಾನು ಗಾಬರಿಯಲ್ಲಿ ಸ್ಟೀರಿಂಗನ್ನು ಎಡಕ್ಕೆಳೆದೆ. ಕಾರಿನ ಎಡಗಡೆ ಹುಣಸೆ ಮರಕ್ಕೆ ಬಡಿಯಿತು. ಆ ಕಡೆ ಕೂತಿದ್ದವರು ನಮ್ಮ ಯಜಮಾನರು. ಅವರ ಎಡಗಾಲು ಎರಡು ಕಡೆ ಮುರಿದು, ರಾಡ್ ಹಾಕಿ, ನಾಲ್ಕು ತಿಂಗಳು ಹಾಸಿಗೆ ಹಿಡಿದರು. ನನ್ನ ಮೈಮೇಲೆ ಒಂದು ಗೀರೂ ಬೀಳಲಿಲ್ಲ. ತಪ್ಪು ಟ್ರ್ಯಾಕ್ಟರಿನವನದೇ ಎಂದು ನೋಡಿದವರೆಲ್ಲ ಹೇಳಿದರು, ಅವರೂ ಹೇಳಿದರು. ಆದರೆ ಎಳೆದದ್ದು ನನ್ನ ಕೈ ತಾನೇ. ಇವತ್ತಿಗೂ ಅವರು ಮೆಟ್ಟಿಲು ಹತ್ತುವಾಗ ಎಡಗಾಲನ್ನು ಸ್ವಲ್ಪ ತಡೆದು ಇಡುತ್ತಾರೆ.

ಓಡಿಸದೆ ಕಲಿಸುವುದು ಹೇಗೆ ಎನ್ನುತ್ತೀರಾ? ನಮ್ಮ ಸ್ಕೂಲ್ ಕಾರಿನಲ್ಲಿ ಕಲಿಸುವವರು ಕೂರುವ ಎಡಗಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಬೆಳಗ್ಗೆ ಯಜಮಾನರು ಕಾರನ್ನು ಮೈದಾನಕ್ಕೆ ತಂದು ನಿಲ್ಲಿಸುತ್ತಿದ್ದರು. ಕಲಿಯುವವಳು ಬಲಗಡೆ ಹತ್ತುತ್ತಿದ್ದಳು, ನಾನು ಎಡಗಡೆ. ಸಂಜೆ ಮತ್ತೆ ಅವರೇ ಬಂದು ಬಲಗಡೆ ಕೂರುತ್ತಿದ್ದರು. ತೋರಿಸಿ ಕೊಡಬೇಕಾದ್ದನ್ನೆಲ್ಲ ನಾನು ಬಾಯಲ್ಲೇ ಹೇಳಿ ಮುಗಿಸುತ್ತಿದ್ದೆ. ಅವರು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ನಸ್ರೀನ್ ನನ್ನ ಹತ್ತಿರ ಕಲಿತವಳು. ಮುಳಬಾಗಿಲಿನಲ್ಲಿ ಅವರದು ಬಟ್ಟೆ ಅಂಗಡಿ. ಅವಳ ಅಣ್ಣ ಬೆಂಗಳೂರಿನಲ್ಲಿ ಹಳೆಯ ವಿದೇಶಿ ಕಾರುಗಳನ್ನು ಕೊಂಡು ಮಾರುವವನು. ನೀನು ಲೈಸೆನ್ಸ್ ತಗೋ, ಒಂದು ದಿನ ದೊಡ್ಡ ಕಾರು ಕೊಡ್ತೀನಿ ಎಂದು ತಂಗಿಗೆ ಮಾತು ಕೊಟ್ಟಿದ್ದನಂತೆ. ಕೋಲಾರದಲ್ಲಿ ಅವರ ನೆಂಟರ ಮದುವೆಗೆ ಬಂದವನು ಆ ಮಾತು ಉಳಿಸಿಕೊಂಡ. ಮದುವೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಮೈದಾನದ ಮುಂದೆ ಅರಿಶಿನ ಬಣ್ಣದ ಒಂದು ಕಾರು ಬಂದು ನಿಂತಿತು. ಎರಡೇ ಬಾಗಿಲು, ನನ್ನ ಸೊಂಟದೆತ್ತರ, ಅಂಗಾತ ಮಲಗಿದ ಹಾಗೆ ಅಗಲ. ಅದರೊಳಗಿಂದ ನಸ್ರೀನ್ ಕೈಬೀಸಿದಳು. ಒಂದು ಗಂಟೆಯೊಳಗೆ ವಾಪಸ್ ಕೊಡಬೇಕು, ತೇರಹಳ್ಳಿ ಬೆಟ್ಟಕ್ಕೆ ಹೋಗಿ ಬಂದುಬಿಡೋಣ, ಪಕ್ಕದಲ್ಲಿ ನೀವಿದ್ದರೆ ನನಗೆ ಧೈರ್ಯ ಎಂದಳು. ಎಡಗಡೆ ಸೀಟು ತಾನೇ ಎಂದು ನಾನೂ ಹತ್ತಿದೆ.

ಹತ್ತುವಾಗ ಚೆನ್ನಾಗಿಯೇ ಓಡಿಸಿದಳು. ನನಗೆ ಒಳಗೊಳಗೇ ಹೆಮ್ಮೆ. ಆದರೆ ಬೆಟ್ಟದ ಮೇಲಿನ ಕೊನೆಯ ತಿರುವಿನಲ್ಲಿ ಹಾಲಿನ ಟೆಂಪೊ ಎದುರಿಗೆ ಬಂತು. ಕನ್ನಡಿಗೂ ಕನ್ನಡಿಗೂ ಒಂದು ಗೇಣು ಅಂತರದಲ್ಲಿ ದಾಟಿತು. ನಸ್ರೀನ್ ಹೇಗೋ ಮೇಲೆ ಹೋಗಿ, ಅಗಲವಾದ ಜಾಗದಲ್ಲಿ ಕಾರನ್ನು ತಿರುಗಿಸಿ ನಿಲ್ಲಿಸಿದಳು. ಸ್ಟೀರಿಂಗ್ ಬಿಟ್ಟು ಸೀಟಿಗೊರಗಿದಳು. ಇಳಿಯುವುದು ತನ್ನಿಂದ ಆಗುವುದಿಲ್ಲ, ನೀವೇ ಇಳಿಸಿ ಎಂದಳು. ಅಣ್ಣನಿಗೆ ಫೋನ್ ಮಾಡು ಎಂದೆ. ಮಾಡಿದರೆ ಇನ್ನು ಮೇಲೆ ಸೈಕಲ್ಲೂ ಕೊಡುವುದಿಲ್ಲ ಎಂದು ಅಳು ಮುಖ ಮಾಡಿದಳು.

ತಲೆನೋವು ಎನ್ನಲೇ, ಕನ್ನಡಕ ತಂದಿಲ್ಲ ಎನ್ನಲೇ ಎಂದೆಲ್ಲ ಯೋಚಿಸಿದೆ. ಕೊನೆಗೆ ಬಾಯಿಂದ ನಿಜವೇ ಬಂತು.

"ನಸ್ರೀನ್, ನನ್ ಕೈಲೂ ಆಗಲ್ಲಮ್ಮ. ನಾನು ಓಡ್ಸಿ ಆರು ವರ್ಷ ಆಯ್ತು."

ಅವಳು ಬೆರಗಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಮೂಗು ಒರೆಸಿಕೊಂಡು ನನ್ನನ್ನೇ ನೋಡಿದಳು.

"ಗೊತ್ತು ಮೇಡಂ. ಒಂದ್ ತಿಂಗ್ಳು ಕಲ್ತೆ ನಿಮ್ಮತ್ರ, ಒಂದಿನಾನೂ ನೀವು ಈ ಕಡೆ ಬರ್ಲಿಲ್ಲ. ನಮ್ ಬ್ಯಾಚಲ್ಲಿ ಎಲ್ರಿಗೂ ಗೊತ್ತು."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಆರು ವರ್ಷ ಬಚ್ಚಿಟ್ಟ ಗುಟ್ಟು ಊರಿಗೆಲ್ಲ ಗೊತ್ತಿತ್ತು, ಹಾಗೆಂದು ಗೊತ್ತಿಲ್ಲದವಳು ನಾನೊಬ್ಬಳೇ. ಅವಳೇ ಮತ್ತೆ ಹೇಳಿದಳು, "ನಿಮ್ ಬಾಯಿ ಮಾತು ಕೇಳೇ ಅಲ್ವಾ ನಾನು ಕಲ್ತಿದ್ದು? ಅದೆಲ್ಲಾ ನಂಗೆ ಬಾಯ್ಪಾಠ ಇದೆ. ನಾನು ಹೇಳ್ತೀನಿ, ನೀವು ಓಡ್ಸಿ."

ಹಾಗೆ ನಾವು ಜಾಗ ಬದಲಾಯಿಸಿದೆವು. ಸೀಟಿನಲ್ಲಿ ಕೂತರೆ ನೆಲದ ಮೇಲೇ ಕೂತಂತಿತ್ತು. ಎಡಗಾಲು ಕ್ಲಚ್ ಹುಡುಕಿತು, ಅಲ್ಲಿ ಕ್ಲಚ್ಚೇ ಇರಲಿಲ್ಲ. ಗೇರು ಬದಲಿಸಲು ಸ್ಟೀರಿಂಗ್ ಹಿಂದೆ ಕಿವಿಯಂತೆ ಎರಡು ಪಟ್ಟಿ. ಗುಂಡಿ ಒತ್ತಿದೆ. ಇಂಜಿನ್ನು ಬೆನ್ನ ಹಿಂದೆಯೇ ಗುಡುಗಿತು, ಜೀವ ಬಾಯಿಗೆ ಬಂತು. ನಸ್ರೀನ್ ಸೆರಗು ಸರಿಮಾಡಿಕೊಂಡು, ಥೇಟ್ ನನ್ನ ದನಿಯಲ್ಲಿ ಶುರುಮಾಡಿದಳು. ಕಣ್ಣು ಎಲ್ಲಿದೆ, ಬಾನೆಟ್ ಮೇಲಾ, ತಿರುವಿನ ಆ ಕಡೆ ನೋಡಿ. ಸ್ಪೀಡು ತಿರುವಿಗೆ ಮುಂಚೆ ಇಳಿಸಿ, ತಿರುವಿನೊಳಗಲ್ಲ. ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಕೂರಬೇಡಿ, ಗೇರ್ ಇಳಿಸಿ. ಸ್ಟೀರಿಂಗ್ ಹಿಡಿಯೋದು ಹೀಗಾ, ಅದೇನು ಒನಕೆಯಾ?

ನಾನು ಇಷ್ಟು ಕೆಟ್ಟದಾಗಿ ಬೈಯುತ್ತೇನೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಆದರೂ ಅವಳು ಹೇಳಿದ ಹಾಗೇ ಮಾಡಿದೆ. ಮೊದಲ ತಿರುವನ್ನು ಎತ್ತಿನ ಗಾಡಿಗಿಂತ ನಿಧಾನವಾಗಿ ಇಳಿದೆ, ಹಾರನ್ ಹೊಡೆದು, ಅಭ್ಯಾಸ ಬಲದಿಂದ ಕಿಟಕಿಯಾಚೆ ಕೈಸನ್ನೆಯನ್ನೂ ಮಾಡಿದೆ. ಅಂಥ ಕಾರಿನಿಂದ ಕೈಸನ್ನೆ ಮಾಡಿದವಳು ನಾನೊಬ್ಬಳೇ ಇರಬೇಕು. ನಸ್ರೀನ್ ಭಯದ ನಡುವೆಯೇ ಕಿಸಕ್ಕನೆ ನಕ್ಕಳು.

ಮೂರನೆಯ ತಿರುವಿನ ಹೊತ್ತಿಗೆ ಕಾರು ನನಗೆ ಅರ್ಥವಾಗತೊಡಗಿತು. ನಮ್ಮ ಸ್ಕೂಲ್ ಕಾರಿಗೆ ಏನು ಹೇಳಿದರೂ ಒಂದು ಗಳಿಗೆ ಯೋಚಿಸಿ ಮಾಡುತ್ತದೆ. ಇದಕ್ಕೆ ಮಣಿಕಟ್ಟು ಒಂದಿಷ್ಟು ತಿರುಗಿಸಿದರೆ ಸಾಕು, ಮೂತಿ ಆಗಲೇ ಅಲ್ಲಿರುತ್ತಿತ್ತು. ರಸ್ತೆಯ ಒಂದೊಂದು ಕಲ್ಲೂ ಬೆನ್ನಿಗೆ ತಿಳಿಯುತ್ತಿತ್ತು. ಪಟ್ಟಿ ಒಂದು ಸಲ ಎಳೆದರೆ ಇಂಜಿನ್ನೇ ಹಿಂದಿನಿಂದ ಹಿಡಿದು ನಿಲ್ಲಿಸಿದ ಹಾಗೆ ವೇಗ ಇಳಿಯುತ್ತಿತ್ತು. ಬ್ರೇಕನ್ನು ಮುಟ್ಟಿದರೆ ಅಷ್ಟೇ, ಇಬ್ಬರೂ ಮುಂದಕ್ಕೆ ಜೋಲುತ್ತಿದ್ದೆವು. ಹಿಂದೆ ಏನಿದೆ ಎಂದು ಮಾತ್ರ ದೇವರಾಣೆಗೂ ಕಾಣುತ್ತಿರಲಿಲ್ಲ.

ಇನ್ನೊಂದು ತಿರುವು ದಾಟಿದರೆ, ಹತ್ತುವಾಗ ಖಾಲಿಯಿದ್ದ ರಸ್ತೆಯ ತುಂಬ ಹುರುಳಿ ಗಿಡ ಹರಡಿದ್ದರು. ಗಾಡಿಗಳು ತುಳಿದು ಕಾಳು ಬಿಡಲಿ ಎಂದು ನಮ್ಮ ಕಡೆ ಹಾಗೆ ಹಾಕುತ್ತಾರೆ. ಅದರ ಮೇಲೆ ಚಕ್ರ ಹತ್ತಿದರೆ ಜಾರುತ್ತದೆ. ಅದಕ್ಕಿಂತ ಭಯ ಬೇರೆ ಇತ್ತು. ಈ ಕಾರಿನ ಹೊಟ್ಟೆ ನೆಲಕ್ಕೆ ತಾಗುವಷ್ಟು ಕೆಳಗೆ. ಒಣ ಬಳ್ಳಿ ಅಡಿಯಲ್ಲಿ ಸಿಕ್ಕಿ ಕಾದ ಸೈಲೆನ್ಸರಿಗೆ ಸುತ್ತಿಕೊಂಡರೆ ಬೆಂಕಿಯೇ. ನಸ್ರೀನ್ ಮಾತು ನಿಲ್ಲಿಸಿ ಕಣ್ಣು ಮುಚ್ಚಿಕೊಂಡಳು. ಹೇಳಿಕೊಡುವವರು ಈಗ ಯಾರೂ ಇಲ್ಲ. ಕೈ ಎಡಕ್ಕೆಳೆಯಲು ಹೋಯಿತು. ಎಡಕ್ಕೆ ಕೂತಿದ್ದವಳು ಈ ಹುಡುಗಿ. ಸ್ಟೀರಿಂಗನ್ನು ನೇರ ಹಿಡಿದು ಬ್ರೇಕನ್ನು ಒಂದೇ ಸಮ ಒತ್ತಿದೆ. ಕಾರು ಅತ್ತಿತ್ತ ಅಲುಗಲಿಲ್ಲ. ಹುರುಳಿಗೆ ಎರಡು ಮಾರು ದೂರದಲ್ಲಿ ನಿಂತಿತು.

ಗಿಡ ತಿರುವಿ ಹಾಕುತ್ತಿದ್ದ ಒಬ್ಬ ಅಜ್ಜಿ ಕೋಲು ಊರಿಕೊಂಡು ಹತ್ತಿರ ಬಂದರು. ಯಾಕಮ್ಮ ನಿಲ್ಲಿಸಿದೆ, ಮೇಲೇ ಹೋಗು, ಏಂ ಕಾದು ತಲ್ಲಿ, ಏನೂ ಆಗಲ್ಲ ಎಂದು ತೆಲುಗು ಕನ್ನಡ ಎರಡರಲ್ಲೂ ಧೈರ್ಯ ಹೇಳಿದರು. ಬೆಂಕಿ ಹತ್ತಿಕೊಳ್ಳುವ ವಿಷಯ ತಿಳಿಸಿ, ಒಂದು ಪಕ್ಕ ಸ್ವಲ್ಪ ಸರಿಸಿಕೊಡಿ ಎಂದು ಕೇಳಿದೆ. ಇಷ್ಟು ಅಗಲ ಚಕ್ರ ಇಟ್ಟುಕೊಂಡು ನಾಲ್ಕು ಸಲ ಓಡಾಡಿದ್ದರೆ ನಮ್ಮ ಕೆಲಸವೇ ಮುಗಿಯುತ್ತಿತ್ತಲ್ಲ ಎಂದು ಗೊಣಗುತ್ತಲೇ ಅಜ್ಜಿ ಗಿಡ ಎಳೆದರು. ನಾವಿಬ್ಬರೂ ಇಳಿದು ಕೈಹಾಕಿದೆವು. ದಾರಿ ಆದ ಮೇಲೆ ಅಜ್ಜಿ ಕಾರನ್ನೂ ನನ್ನ ನರೆತ ಕೂದಲನ್ನೂ ನೋಡಿ ಕೇಳಿದರು.

"ಇದ್ನ ನೀನೇನಾಮ್ಮ ಓಡ್ಸೋದು?"

"ಹೂಂ ಅಜ್ಜಿ, ನಾನೇ ಓಡ್ಸೋದು."

ಹೇಳಿದ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಹೋಗಿ ಸೀಟಿನಲ್ಲಿ ಕೂತೆ.

ಅಲ್ಲಿಂದ ಕೆಳಗಿನ ತಿರುವುಗಳನ್ನು ನಾನು ಇಳಿಯಲಿಲ್ಲ, ಆಡಿಕೊಂಡು ಬಂದೆ ಎನ್ನಬೇಕು. ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ತಿರುವಿನಿಂದ ಆಚೆ ಬರುವಾಗ ಕಾಲು ಸ್ವಲ್ಪ ಒತ್ತಿದರೆ ಬೆನ್ನನ್ನು ಯಾರೋ ಪ್ರೀತಿಯಿಂದ ದಬ್ಬಿದಂತಾಗುತ್ತಿತ್ತು. ನಸ್ರೀನ್ ಕಣ್ಣುಬಿಟ್ಟು, ಮೇಡಂ, ಸ್ಪೀಡು ಐವತ್ತು ದಾಟಿದೆ ಎಂದಳು. ಐವತ್ತೈದು. ಆ ಕಾರಿಗೆ ಅದು ಅವಮಾನವೇ ಇರಬಹುದು, ನನಗೆ ಮಾತ್ರ ಹಬ್ಬ. ಬೆಟ್ಟ ಮುಗಿದದ್ದಕ್ಕೆ ಬೇಜಾರಾಯಿತು, ಸುಳ್ಳೇಕೆ ಹೇಳಲಿ.

ಮದುವೆ ಮಂಟಪದ ಮುಂದೆ ಅವಳ ಅಣ್ಣ ಕಾಯುತ್ತಿದ್ದ. ಕಾರಿಗೆ ಒಂದು ಸುತ್ತು ಬಂದು, ಮುಂದಿನ ಜಾಲರಿಯಲ್ಲಿ ಸಿಕ್ಕಿದ್ದ ಒಂದು ಹುರುಳಿ ಕಾಯಿ ಕಿತ್ತು ಇದೇನು ಎನ್ನುವಂತೆ ತಂಗಿಯ ಮುಖ ನೋಡಿದ. ಬೆಟ್ಟದಿಂದ ಮೇಡಂ ಇಳಿಸಿದ್ದು ಎಂದಳು ನಸ್ರೀನ್. ಅವನು ಎರಡೂ ಕೈ ಜೋಡಿಸಿ, ಊಟ ಮಾಡದೆ ಹೋಗಬೇಡಿ ಎಂದ. ಬಿರಿಯಾನಿಯ ಪರಿಮಳ ಬರುತ್ತಿತ್ತು. ನಾನು ಆ ದಿನ ಚೆನ್ನಾಗಿ ಉಂಡೆ.

ಸಂಜೆ ಯಜಮಾನರು ಎಂದಿನಂತೆ ಮೈದಾನಕ್ಕೆ ಬಂದರು. ನಾನು ಬೀಗದ ಕೈಗಾಗಿ ಕೈಚಾಚಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಕೊಟ್ಟರು, ಹೋಗಿ ಎಡಗಡೆ ಕೂತರು. ನಿಧಾನವಾಗಿ ಊರು ದಾಟಿದೆ. ಅವರ ಕಾಲಡಿಯಲ್ಲಿ ಆ ಕಡೆಯ ಬ್ರೇಕು ಇತ್ತು. ಯಾವಾಗ ಒತ್ತುತ್ತಾರೋ, ಯಾವ ತಿರುವಿನಲ್ಲಿ ಒತ್ತುತ್ತಾರೋ ಎಂದು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಅವರು ಬಗ್ಗಿ ಏನೋ ಹುಡುಕಿದರು. ಸೀಟಿನ ಕೆಳಗಿನ ಕಡ್ಡಿ ಎಳೆದು ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿದರು. ಇನ್ನು ಅವರ ಕಾಲಿಗೆ ಬ್ರೇಕು ಸಿಗುವಂತಿರಲಿಲ್ಲ.

"ಮನೆ ಬಂದ್ಮೇಲೆ ಎಬ್ಬಿಸು" ಎಂದು ಹೇಳಿ ಎಡಗಾಲು ನೀಡಿಕೊಂಡರು. ಮಾವಿನ ತೋಪುಗಳು ಶುರುವಾಗುವ ಹೊತ್ತಿಗೆ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.

ಆರು ವರ್ಷ ನಾನು ಅವರಲ್ಲಿ ಕ್ಷಮೆ ಕೇಳಿರಲಿಲ್ಲ, ಹೇಗೆ ಕೇಳುವುದೆಂದು ಗೊತ್ತಿರಲಿಲ್ಲ. ಆ ಸಂಜೆ ಕೇಳುವ ಅಗತ್ಯವೇ ಇಲ್ಲ ಎಂದು ತಿಳಿಯಿತು. ಕಣ್ಣು ಮಂಜಾಗುತ್ತಿತ್ತು, ಒರೆಸಿಕೊಳ್ಳುತ್ತಾ ನಿಧಾನವಾಗಿ ಓಡಿಸಿದೆ. ಮನೆ ಮುಂದೆ ಕಾರು ನಿಲ್ಲಿಸಿದ ಮೇಲೂ ಅವರನ್ನು ಎಬ್ಬಿಸಲು ಮನಸ್ಸಾಗದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.