ನಂಬಿಕಸ್ಥ ಪ್ರಯಾಣಿಕನ ಕರಡಿಗೆ

ಏರ್‌ಪೋರ್ಟಿನ ಗಾಜಿನ ಗೇಟು ತಾನೇ ತೆರೆದುಕೊಂಡಿತು. ಯಾರೂ ಏನೂ ಕೇಳಲಿಲ್ಲ. ಪಾಸ್‌ಪೋರ್ಟ್ ಇಟ್ಟೆ, ಬೆರಳು ಒತ್ತಿದೆ, ಕ್ಯಾಮೆರಾ ಕಡೆ ಕಣ್ಣರಳಿಸಿ ನಿಂತೆ. ಅಷ್ಟೇ. ಪಕ್ಕದಲ್ಲಿ ಹಾವಿನ ಹಾಗೆ ಸುತ್ತಿಕೊಂಡ ಸಾಲು. ಆ ಸಾಲಿನ ಬಾಲದಲ್ಲಿ ನನ್ನ ಹೆಂಡತಿ ಶರಣಮ್ಮ. ನಾನು ಆಚೆ ದಾಟಿ ಅವಳತ್ತ ಕೈ ಬೀಸಿದೆ, ಚುನಾವಣೆ ಗೆದ್ದವನ ಹಾಗೆ.

ಸರಕಾರದ ಲೆಕ್ಕದಲ್ಲಿ ನಾನೀಗ ‘ಟ್ರಸ್ಟೆಡ್ ಟ್ರಾವೆಲರ್’. ನಂಬಿಕಸ್ಥ ಪ್ರಯಾಣಿಕ. ಸೇಡಂನ ಚಹಾದಂಗಡಿಯಲ್ಲಿ ಇದನ್ನು ಹೇಳಿದಾಗ ಗೆಳೆಯರು, “ಎಲ್ಲಿ, ಕಾರ್ಡ್ ತೋರ್ಸು” ಅಂದರು. ತೋರಿಸಲು ಏನೂ ಇಲ್ಲ. ಎಲ್ಲರೂ ಕಾರ್ಡು ಎನ್ನುತ್ತಾರೆ, ನಾನೂ ಎನ್ನುತ್ತೇನೆ. ನಿಜಕ್ಕೆ ಅದು ಪಾಸ್‌ಪೋರ್ಟಿನ ಜೊತೆ ಕಂಪ್ಯೂಟರಿನೊಳಗೆ ಕುಳಿತ ಹೆಸರು. ಬೆರಳು, ಕಣ್ಣು, ಮುಖ ಎಲ್ಲ ಕೊಟ್ಟು ಬಂದರೆ, ನಮ್ಮ ಮೇಲೆ ಕೇಸುಗೀಸು ಇಲ್ಲವೆಂದು ಖಾತ್ರಿಯಾದರೆ, ಇಮಿಗ್ರೇಷನ್ನಿನಲ್ಲಿ ಸಾಲು ತಪ್ಪುತ್ತದೆ. ನನ್ನ ಮೇಲೆ ಕೇಸಿಲ್ಲ. ವಾಡಿಯ ಒಂದು ಸಿಮೆಂಟ್ ಕಾರ್ಖಾನೆಯ ಕಾಟಾದಲ್ಲಿ, ಅಂದರೆ ಲಾರಿ ತೂಗುವಲ್ಲಿ, ನೌಕರಿ ಮುಗಿಸಿ ಪೆನ್ಷನ್ ತಿನ್ನುತ್ತಿರುವ ಎಸ್ಸೆಸ್ಸೆಲ್ಸಿ ಮನುಷ್ಯ ನಾನು. ಯಾರು ಕೇಸು ಹಾಕಬೇಕು?

ಶರಣಮ್ಮನಿಗೂ ಮಾಡಿಸೋಣ ಎಂದಿದ್ದೆ. “ನನಗ್ಯಾಕ ಬೇಕ್ರಿ? ಮಂದಿ ನಿಂತಲ್ಲೆ ನಿಂದರ್ತೀನಿ. ಸಾಲಿನ್ಯಾಗ ನಾಕು ಮಾತು ಸಿಗ್ತಾವ” ಅಂದಳು.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಆ ಗೇಟು ತೆರೆದಾಗ ನನ್ನ ಕೊರಳಲ್ಲಿ ತಂಬಾಕು ಇತ್ತು.

ಜೇಬಿನಲ್ಲಲ್ಲ, ಕೊರಳಲ್ಲಿ. ನಮ್ಮ ಕಡೆಯ ಲಿಂಗವಂತರ ಮನೆಗಳನ್ನು ಬಲ್ಲವರಿಗೆ ಕರಡಿಗೆ ಗೊತ್ತು. ಇಷ್ಟಲಿಂಗವನ್ನು ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಗುಂಡು ಭರಣಿ. ಮೈಮೇಲಿನಿಂದ ಇಳಿಸುವುದಿಲ್ಲ. ಬೇರೆ ಯಾರೂ ಮುಟ್ಟುವುದಿಲ್ಲ. ಹೆಂಡತಿಯೂ ಮುಟ್ಟುವುದಿಲ್ಲ. ಹೀಗಾಗಿ ಒಂದು ಮನೆಯಲ್ಲಿ ಏನನ್ನಾದರೂ ಬಚ್ಚಿಡಲು ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ. (ಈ ಸಾಲು ಬರೆಯುವಾಗ ಪೆನ್ನು ನಿಂತಿತು. ಆದರೂ ಬರೆದಿದ್ದೇನೆ.)

ಹೋದ ವರ್ಷ ಕಲಬುರಗಿಯ ಡಾಕ್ಟರೊಬ್ಬರು ನನ್ನ ಬಾಯಿಗೆ ಟಾರ್ಚು ಬಿಟ್ಟು, ಕೆನ್ನೆಯ ಒಳಗಿನ ಬಿಳಿ ಕಲೆಯನ್ನು ಶರಣಮ್ಮನಿಗೂ ತೋರಿಸಿದ್ದರು. ತಂಬಾಕು ಬಿಡದಿದ್ದರೆ ಮುಂದಿನದನ್ನು ನಾನು ಹೇಳುವುದು ಬೇಡ ಅಂದರು. ಮನೆಗೆ ಬಂದ ಮೇಲೆ ಅವಳದು ಒಂದೇ ಮಾತು. “ಲಿಂಗ ಮುಟ್ಟಿ ಹೇಳ್ರಿ.” ಮುಟ್ಟಿ ಹೇಳಿದೆ.

ಒಂದು ತಿಂಗಳು ನಡೆಯಿತು. ಆಮೇಲೆ ಒಂದು ದಿನ ಒಂದು ಚಿಟಿಕೆ. ಆ ಚಿಟಿಕೆಗೆ ಜಾಗ ಬೇಕಾಯಿತು. ಅಂಗಿಯ ಜೇಬು ಅವಳು ತೊಳೆಯುವಾಗ ನೋಡುತ್ತಾಳೆ. ಹಾಸಿಗೆ ಅವಳೇ ಕೊಡವುತ್ತಾಳೆ. ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಅದರ ಜಾಗಕ್ಕೆ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ತಂಬಾಕು. ಮುಂಜಾನೆ ಅವಳು ರೊಟ್ಟಿ ಬಡಿಯುವ ಹೊತ್ತಿಗೆ ನಾನು ಪೂಜೆಗೆಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ರೊಟ್ಟಿಯ ಸಪ್ಪಳ ಕೇಳುತ್ತಿರುವ ತನಕ ಭಯವಿಲ್ಲ. ಸಪ್ಪಳ ನಿಂತರೆ ಗಡಬಡಿಸಿ ಕರಡಿಗೆ ಮುಚ್ಚುತ್ತಿದ್ದೆ.

ಕಾಟಾದ ಮೇಲೆ ಲಾರಿ ನಿಂತಾಗ ಮಾಲಿನ ತೂಕಕ್ಕೆ ತನ್ನ ತೂಕ ಸೇರಿಸದಂತೆ ಡ್ರೈವರ್ ಕೆಳಗಿಳಿದಿದ್ದಾನೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದವನು ನಾನು. ಯಾರ ಮಾತನ್ನೂ ನಂಬದಿರುವುದಕ್ಕೆ ಪಗಾರ ತಗೊಂಡವನು. ಇಷ್ಟು ಜನರನ್ನು ಅನುಮಾನಿಸಿದವನಿಗೆ ತನ್ನ ಕೊರಳು ನೋಡಿಕೊಳ್ಳುವ ಬುದ್ಧಿ ಬರಬಾರದೆ?

ನಾವು ಹೊರಟಿದ್ದು ಮಸ್ಕತ್‌ಗೆ. ಅಲ್ಲಿ ಅಳಿಯನಿಗೆ ನೌಕರಿ, ಮಗಳಿಗೆ ಎರಡನೆಯ ಹೆರಿಗೆ. ಬಾಣಂತನಕ್ಕೆ ತಾಯಿ ಬೇಕು, ತಾಯಿಯ ಬ್ಯಾಗು ಹೊರಲು ನಾನು. ಅಳಿಯ ಫೋನಿನಲ್ಲಿ ಎರಡು ಸಲ ಹೇಳಿದ್ದ. “ಮಾವಾರ, ಜಗಿಯೋ ತಂಬಾಕು ಇಲ್ಲಿ ನಡೆಯಂಗಿಲ್ಲ. ಕಸ್ಟಮ್ಸ್‌ನ್ಯಾಗ ಸಿಕ್ರ ಭಾಳ ತ್ರಾಸ್. ನಿಮ್ಮ ವೀಸಾ ನನ್ನ ಹೆಸರ ಮ್ಯಾಲೆ ಅದ.” ಶರಣಮ್ಮ ಫೋನು ಕಸಿದುಕೊಂಡು, “ಅವ್ರು ಬಿಟ್ಟು ವರ್ಷಾತಪ್ಪ, ನೀ ಚಿಂತಿ ಮಾಡಬ್ಯಾಡ” ಅಂದಳು. ನಾನು ಪಕ್ಕದಲ್ಲಿ ಕುಳಿತು ಬ್ಯಾಗಿನ ಜಿಪ್ಪು ಸರಿಮಾಡುತ್ತಿದ್ದೆ.

ಇಮಿಗ್ರೇಷನ್ ಗೇಟಿಗೆ ಕಾರ್ಡು ನಡೆಯುತ್ತದೆ. ಅದಾದ ಮೇಲೆ ಸೆಕ್ಯುರಿಟಿ ಇದೆಯಲ್ಲ? ಅಲ್ಲಿ ಎಲ್ಲರೂ ಒಂದೇ. ನಾನು ಆ ಚೌಕಟ್ಟು ದಾಟಿದಾಗ ಕುಂಯ್ ಎಂದು ಕೂಗಿತು. ಸಮವಸ್ತ್ರದ ಸೆಕ್ಯುರಿಟಿ ಹುಡುಗನೊಬ್ಬ ಕೈಯಲ್ಲಿನ ಮೆಷಿನ್ನನ್ನು ಎದೆಯ ಮೇಲೆ ಆಡಿಸಿದ. ಅಲ್ಲೂ ಕೂಗಿತು. ಅಂಗಿಯ ಗುಂಡಿ ಬಿಚ್ಚಿ ಕರಡಿಗೆ ಹೊರಗೆ ತೆಗೆದೆ.

ಅವನ ಮುಖ ಬದಲಾಯಿತು. “ಯಾವೂರ್ರಿ ಅಜ್ಜಾರ?” ಅಂದ.

“ಸೇಡಂ.”

“ನಂದು ಭಾಲ್ಕಿ ಕಡೀರಿ. ನಮ್ಮವ್ವನ ಕೊಳ್ಳಾಗೂ ಅದ. ಇರಲಿ, ಇಳಸಬ್ಯಾಡ್ರಿ.” ಒಂದು ಬಟ್ಟೆಯ ಚೂರಿನಿಂದ ಕರಡಿಗೆಯನ್ನು ಹೊರಗಿನಿಂದ ಒರೆಸಿ, ಆ ಚೂರನ್ನು ಇನ್ನೊಂದು ಮೆಷಿನ್ನಿಗೆ ಕೊಟ್ಟ. ಹಸಿರು ದೀಪ ಬಂತು. ಸ್ಫೋಟಕ ಏನೂ ಇಲ್ಲ. ತಂಬಾಕು ಸಿಡಿಯುವುದಿಲ್ಲವಲ್ಲ. ಹೋಗುವಾಗ ಆ ಹುಡುಗ ಕರಡಿಗೆಯತ್ತ ತುಸು ತಲೆ ಬಾಗಿಸಿದ. ತಾನು ಯಾವುದಕ್ಕೆ ತಲೆ ಬಾಗಿಸಿದೆನೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಶರಣಮ್ಮ ಬರುವುದು ತಡವಾಯಿತು. ಹೆಂಗಸರ ಪರದೆಯ ಹಿಂದೆ ಇದ್ದವಳು ಬೇರೆ ರಾಜ್ಯದ ಹುಡುಗಿ, ಕರಡಿಗೆ ಕಂಡವಳಲ್ಲ. ತೆಗೆದು ತೋರಿಸಿ ಅಂದಳಂತೆ. ಇವಳು ಸಾವಕಾಶ ಬಿಚ್ಚಿ, ಅಂಗೈ ಮೇಲೆ ಲಿಂಗ ಇಟ್ಟು ತೋರಿಸಿ, ಮತ್ತೆ ಬಟ್ಟೆ ಸುತ್ತಿ ಕಟ್ಟಿಕೊಂಡು ಬಂದಳು. “ನಿಮ್ಮದು ಬಿಚ್ಚಿಸಿದ್ರೇನು?” ಅಂತ ಕೇಳಿದಳು. ಇಲ್ಲ ಅಂದೆ. “ನಿಮ್ಮ ಕಾರ್ಡ್ ಭಾಳ ಛಲೋ ಕೆಲಸ ಮಾಡ್ತದ ಬಿಡ್ರಿ” ಅಂದಳು.

ವಿಮಾನದಲ್ಲಿ ಬುದ್ಧಿ ಬಂತು. ಎಸೆದುಬಿಡೋಣ ಎಂದು ಎದ್ದು ಟಾಯ್ಲೆಟ್ಟಿಗೆ ಹೋದೆ. ಚಿಲಕ ಹಾಕಿ ಕರಡಿಗೆ ತೆರೆದೆ. ವಾಸನೆ ಬಂತು. ನೀವು ಎಂದಾದರೂ ಬಿಡಲಾಗದ್ದನ್ನು ಬಿಡಲು ಹೋಗಿದ್ದೀರಾ? ಹೋಗಿದ್ದರೆ ನಾನೇನು ಮಾಡಿದೆ ಎಂದು ಕೇಳುವುದಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಉಳಿದದ್ದನ್ನು ಕಟ್ಟಿ ಒಳಗೇ ಇಟ್ಟೆ. ಬಾಯಿ ಮುಕ್ಕಳಿಸಿ, ಏಲಕ್ಕಿ ಜಗಿದು, ಹೆಂಡತಿಯ ಪಕ್ಕ ಬಂದು ಕುಳಿತೆ.

ಮಸ್ಕತ್ತಿನ ಕಸ್ಟಮ್ಸಿನಲ್ಲಿ ನನ್ನ ಕಾರ್ಡಿಗೆ ಬೆಲೆಯಿಲ್ಲ. ಅದು ನಮ್ಮ ದೇಶದ್ದು. ನಮ್ಮ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ, ಬಾಣಂತಿಗೆ ಅಂಟಿನುಂಡಿ. ಅಧಿಕಾರಿ ಚಿಕ್ಕ ವಯಸ್ಸಿನವನು, ಬಿಳಿ ಉಡುಪು, ಸಮಾಧಾನದ ಮುಖ, ಹಿಂದಿ ಬಲ್ಲವನು. ಹಿಂಡಿ ಮೂಸಿ ನೋಡಿ ಸೀನಿದ. ಶರಣಮ್ಮನಿಗೆ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಆಮೇಲೆ ಅವಳ ಕೊರಳು ತೋರಿಸಿ ಇದೇನು ಅಂದ.

ನಮ್ಮ ಕಡೆಯ ಹೆಂಗಸರಿಗೆ ದಖನಿ ಹಿಂದಿ ಹೇಳಿಕೊಡಬೇಕೆ? ಸಂತೆಯಲ್ಲಿ ಕಲಿತಿರುತ್ತಾರೆ. “ಖುದಾ ಹೈ ಸಾಬ್, ಹಮಾರಾ ಖುದಾ” ಅಂದಳು. ನಮ್ಮ ದೇವರು. ಕೇಳುವ ಮೊದಲೇ ಬಿಚ್ಚಿ ತೋರಿಸಿದಳು. ಅವನು ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ. ಆಮೇಲೆ ನನ್ನ ಕಡೆ ತಿರುಗಿದ.

ಅಂಗಿಯ ಮೇಲಿನ ಗುಂಡಿ ಇನ್ನೂ ಬಿಚ್ಚಿಯೇ ಇತ್ತು. ಬೆಳ್ಳಿ ಕಾಣುತ್ತಿತ್ತು. ಆಚೆ ಗಾಜಿನ ಹೊರಗೆ ಅಳಿಯ ಕೈ ಬೀಸುತ್ತಿದ್ದ. ಅಧಿಕಾರಿ ಕೈ ಮುಂದೆ ಮಾಡಿದ.

ಶರಣಮ್ಮ ನನ್ನ ಮುಂದೆ ಬಂದು ನಿಂತಳು. “ಉನ್ಕಾ ಭೀ ವಹೀಚ್ ಹೈ ಸಾಬ್” ಅಂದಳು. ಅವರದೂ ಅದೇ.

ಅವನು ಕೈ ಹಿಂದೆ ತೆಗೆದುಕೊಂಡ. “ಜಾಯಿಯೇ ಮಾಜೀ” ಅಂದ.

ನನ್ನ ಬೆರಳು, ಕಣ್ಣು, ಮುಖ ಯಾವುದನ್ನೂ ಅವನು ನೋಡಲಿಲ್ಲ. ನೋಡಿದ್ದು ಅವಳ ಮುಖ. ನಾನು ಆ ದೇಶದೊಳಗೆ ಹೋದದ್ದು ಅವಳ ಮಾತಿನ ಮೇಲೆ.

ಕಾರಿನಲ್ಲಿ ಅಳಿಯ, “ಏನೂ ತ್ರಾಸ್ ಆಗಲಿಲ್ಲ ಅಲ್ರಿ ಮಾವಾರ?” ಎಂದು ಕೇಳಿದ. ಶರಣಮ್ಮನೇ ಉತ್ತರ ಕೊಟ್ಟಳು. “ನಿಮ್ಮ ಮಾವಾರ ಕೂಡ ಬಂದ್ರ ಏನ್ ತ್ರಾಸಪ್ಪ?” ನಾನು ಕಿಟಕಿಯಿಂದ ಕಲ್ಲುಗುಡ್ಡ ನೋಡುತ್ತ ಕುಳಿತೆ. ಚಿಂಚೋಳಿಯ ಕಡೆಯ ಗುಡ್ಡಗಳಿಗೆ ಇರುವ ಹಸಿರೂ ಅವಕ್ಕೆ ಇರಲಿಲ್ಲ.

ಮರುದಿನ ಮುಂಜಾನೆ. ಮಗಳ ಮನೆ ಚಿಕ್ಕದು. ನಮಗೆ ಒಂದು ಕೋಣೆ. ಶರಣಮ್ಮ ಸ್ನಾನ ಮಾಡಿ ಬಂದು ಎರಡು ಮಣೆಯ ಬದಲು ಎರಡು ಟವೆಲ್ ಹಾಸಿದಳು, ಅಕ್ಕಪಕ್ಕ. “ಇಲ್ಲಿ ಬ್ಯಾರೆ ಜಾಗ ಇಲ್ಲ. ಬರ್ರಿ, ಕೂಡೇ ಕುಂದ್ರೋಣು” ಅಂದಳು. ತನ್ನ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ವಿಭೂತಿ ಹಚ್ಚತೊಡಗಿದಳು. ನಾನು ಕುಳಿತೆ. ರೊಟ್ಟಿಯ ಸಪ್ಪಳವಿಲ್ಲ, ನಡುವೆ ಮುಚ್ಚಲು ಬಾಗಿಲಿಲ್ಲ.

ಏನಾದರೊಂದು ನೆವ ಹೇಳಬಹುದಿತ್ತು. ಮೈ ಸರಿಯಿಲ್ಲ ಅನ್ನಬಹುದಿತ್ತು. ಆದರೆ ಹಿಂದಿನ ದಿನ ಅವಳು ನನ್ನ ಮುಂದೆ ಬಂದು ನಿಂತದ್ದು ಕಣ್ಣಿಗೆ ಕಟ್ಟಿತ್ತು.

“ನನ್ನ ಕರಡಿಗ್ಯಾಗ ಲಿಂಗ ಇಲ್ಲ” ಅಂದೆ.

ಅವಳು ಗಾಬರಿಯಾದಳು. “ಎಲ್ಲಿ ಬಿತ್ತು? ಆ ಮೆಷಿನ್ನಿನ್ಯಾಗ ಬಿತ್ತೇನು? ಫೋನ್ ಹಚ್ರಿ ಅವ್ರಿಗೆ.”

ಅವಳ ಅನುಮಾನ ಮೆಷಿನ್ನಿನ ಮೇಲೆ ಹೋಯಿತು. ನನ್ನ ಮೇಲೆ ಬರಲೇ ಇಲ್ಲ. ಮಾತಿನಲ್ಲಿ ಹೇಳಲು ಆಗದೆ ಕರಡಿಗೆ ತೆರೆದು ಟವೆಲ್ಲಿನ ಮೇಲೆ ಇಟ್ಟೆ.

ವಾಸನೆಯೇ ಎಲ್ಲ ಹೇಳಿತು. ಪೂಜೆ ಅರ್ಧಕ್ಕೆ ಬಿಡುವಂತಿಲ್ಲ. ಅವಳು ತನ್ನದನ್ನು ಮುಗಿಸಿದಳು, ಲಿಂಗ ಒಳಗಿಟ್ಟಳು, ದಾರ ಕಟ್ಟಿಕೊಂಡಳು. ಬೈಯುತ್ತಾಳೆ ಎಂದು ಕಾದೆ. ಅಳುತ್ತಾಳೆ ಎಂದು ಕಾದೆ. ಬಾಯಿಯ ಕಲೆಯ ಮಾತು ಎತ್ತುತ್ತಾಳೆ ಎಂದುಕೊಂಡೆ.

“ನಿನ್ನಿ ಆ ಹುಡುಗಗ ನಾ ಏನಂತ ಹೇಳಿದೆ?” ಅಂತ ಕೇಳಿದಳು.

ನಾನು ಕರಡಿಗೆಯ ಮುಚ್ಚಳ ಮುಚ್ಚಹೋದೆ.

“ತಂಬಾಕ ನಿಮ್ಮ ಬಾಯಿ, ನಿಮ್ಮ ಹಣೇಬರ. ಆದ್ರ ದೇವ್ರ ಹೆಸರ ಮ್ಯಾಲೆ ನನ್ನ ಬಾಯಿಲೆ ಸುಳ್ಳ ಆಡ್ಸಿದ್ರಿ. ಅವ ಎದಿ ಮ್ಯಾಲೆ ಕೈ ಇಟ್ಟನ್ರಿ.”

ಅಷ್ಟೇ. ತಂಬಾಕನ್ನು ನಾನೇ ಟಾಯ್ಲೆಟ್ಟಿನಲ್ಲಿ ಸುರಿದು ನೀರು ಬಿಟ್ಟೆ. ಕರಡಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ, ವಾಸನೆ ಹೋಗುವ ತನಕ. ಮಗಳಿಗಾಗಲೀ ಅಳಿಯನಿಗಾಗಲೀ ಅವಳು ಒಂದು ಮಾತೂ ಹೇಳಲಿಲ್ಲ. (ಪೇಪರಿಗೆ ನಾನು ಬರೆಯುವ ಈ ಅಂಕಣವನ್ನು ಅಳಿಯ ಓದುತ್ತಾನೆ. ಓದಲಿ.) ಬಾಣಂತನ ಚೆನ್ನಾಗಿ ನಡೆಯಿತು. ನನ್ನ ಜೊತೆ ಊಟದ ಮಾತು, ಔಷಧದ ಮಾತು, ಕೂಸಿನ ಮಾತು ಎಲ್ಲ ಆಡಿದಳು. ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದಲೇ ಆಡಿದಳು. ಅದೇ ಕಷ್ಟವಾಯಿತು.

ಹೊರಡುವ ದಿನ ನಾನು ಖಾಲಿ ಕರಡಿಗೆಯನ್ನು ಬ್ಯಾಗಿನಲ್ಲಿ ಇಡುತ್ತಿದ್ದೆ. “ಕೊಳ್ಳಾಗೇ ಹಾಕ್ಕೋರಿ. ಖಾಲಿದು ಎಷ್ಟು ಭಾರ ಇರ್ತದ ಗೊತ್ತಾಗ್ಲಿ” ಅಂದಳು. ಹಾಕಿಕೊಂಡೆ.

ಬಿಟ್ಟಿದ್ದೇನೆ ಎಂದು ಇಲ್ಲಿ ಬರೆಯಬಹುದು. ನೀವು ನಂಬಬೇಕಲ್ಲ? ಅವಳಂತೂ ಕೇಳುವುದೇ ಇಲ್ಲ. ಕೇಳಿದರೆ ಹೇಳಬಹುದು ಎಂದು ಕಾಯುತ್ತೇನೆ. ಕೇಳದವರಿಗೆ ಹೇಗೆ ಹೇಳುವುದು? ಸರಕಾರಕ್ಕೆ ನಂಬಿಕೆ ಬರಲು ಒಂದು ಅರ್ಜಿ, ಹತ್ತು ಬೆರಳು ಸಾಕಾಯಿತು. ಜೊತೆಗೆ ಬಾಳಿದವರ ಮುಂದೆ ಯಾವ ಬೆರಳು ಒತ್ತುವುದು?

ಮೊನ್ನೆ ಬಂದಿಳಿದೆವು, ನಮ್ಮ ಸೇಡಂಗೆ ಹತ್ತಿರದ ಅದೇ ತೆಲುಗು ಸೀಮೆಯ ಏರ್‌ಪೋರ್ಟಿಗೆ. ಇಮಿಗ್ರೇಷನ್ ಹಾಲಿನಲ್ಲಿ ನನ್ನ ಗಾಜಿನ ಗೇಟುಗಳ ಮುಂದೆ ಯಾರೂ ಇರಲಿಲ್ಲ. ನಾನು ಹೋಗಿ ಸಾಲಿನಲ್ಲಿ ಶರಣಮ್ಮನ ಹಿಂದೆ ನಿಂತೆ.

“ನಿಮ್ಮ ಗೇಟ್ ಆ ಕಡಿ ಅದಲ್ರಿ.”

“ಇರಲಿ.”

“ಮಣಕಾಲ್ ನೋಯ್ತಾವ, ಹೋಗ್ರಿ.”

ಹೋಗಲಿಲ್ಲ. ಅವಳು ಮುಂದೆ ನಿಂತಿದ್ದ ಯಾರದೋ ಕೂಸಿನ ಜೊತೆ ಮಾತಿಗಿಳಿದಳು. ಸಾಲು ಮೆಲ್ಲಗೆ ಸರಿಯಿತು. ನನಗೂ ಅವಸರವಿರಲಿಲ್ಲ.

ಬ್ಯಾಗು ತೆಗೆದುಕೊಂಡು ಕಸ್ಟಮ್ಸ್ ದಾಟುವಾಗ ಒಬ್ಬ ಹೆಣ್ಣುಮಗಳು, ಅಧಿಕಾರಿ, ನಮ್ಮಿಬ್ಬರನ್ನೂ ನಿಲ್ಲಿಸಿದಳು. ನನ್ನ ಕೊರಳ ಬೆಳ್ಳಿ ನೋಡಿ, ಅದರಲ್ಲಿ ಏನಿದೆ ತಾತಾ ಎಂದು ತೆಲುಗಿನಲ್ಲಿ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಶರಣಮ್ಮ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಉತ್ತರವನ್ನೂ ಅವಳೇ ಕೊಟ್ಟಳು, ಸಂತೆಯಲ್ಲಿ ಕಲಿತ ತೆಲುಗಿನಲ್ಲೇ, ಸಿಟ್ಟಿಲ್ಲದ ದನಿಯಲ್ಲಿ. ನಮ್ಮ ಮಾತಿನಲ್ಲಿ ಹೇಳುವುದಾದರೆ:

“ಖಾಲಿ ಅದ ಅಂತಾರವ್ವ. ನೀ ಬಿಚ್ಚಿ ನೋಡು.”