ನಾಲ್ಕನೇ ಹಲಗೆಯ ಫ್ರಿಡೋಲಿನ್

ಫ್ರಿಡೋಲಿನ್ ಎಲ್ಮರ್‌ಗೆ ಅನುಮಾನ ಪಡದಿದ್ದರೆ ಉಂಡ ಅನ್ನ ಅರಗುತ್ತಿರಲಿಲ್ಲ. ಗ್ಲಾರುಸ್ ಕಣಿವೆಯ ಬಟ್ಟೆ ಮುದ್ರಿಸುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ಅವನ ಕೆಲಸವೇ ಅದು. ಕಣ್ಣ ಮುಂದೆ ಹರಿದುಹೋಗುವ ಕೆಂಪು ಬಟ್ಟೆಯಲ್ಲಿ ಎಲ್ಲಿ ಬಣ್ಣ ಹರಡಿದೆ, ಎಲ್ಲಿ ಮಾವಿನಕಾಯಿ ಚಿತ್ತಾರದ ಬಾಲ ತುಂಡಾಗಿದೆ ಎಂದು ಹುಡುಕುವುದು. ಹುಳುಕು ಹುಡುಕಲೆಂದೇ ಸಂಬಳ ಪಡೆದವನು ಮನೆಗೆ ಬಂದ ಮೇಲೆ ಸುಮ್ಮನಿರುತ್ತಾನೆಯೇ? ನಿವೃತ್ತಿಯಾದಾಗ ಬಟ್ಟೆ ಹೋಯಿತು, ಚಟ ಉಳಿಯಿತು. ಪತ್ರಿಕೆಯವರು ಶಾಯಿ ಉಳಿಸುತ್ತಿದ್ದಾರೆ. ಬಲ್ಬುಗಳು ಮೊದಲಿನಷ್ಟು ಉರಿಯುವುದಿಲ್ಲ, ಇದರಲ್ಲಿ ಯಾರದೋ ಕೈವಾಡವಿದೆ. ಅಂಚೆಯ ರೆಗುಲಾ ಇವನ ಕಾಗದಗಳನ್ನು ಬೆಳಕಿಗೆ ಹಿಡಿದು ಒಳಗಿನದನ್ನು ಓದುತ್ತಾಳೆ ಎಂಬುದಂತೂ ಅನುಮಾನವಲ್ಲ, ಖಾತ್ರಿ.

ಹಾಗಿದ್ದೂ ಅವನಿಗೆ ಸ್ನೇಹವೆಂದು ಉಳಿದಿದ್ದು ಅವಳೊಬ್ಬಳೇ. ಮೂವತ್ತು ವರ್ಷ ಕಾಗದ ತಂದವಳು, ತಂದಾಗಲೆಲ್ಲ ಬೈಸಿಕೊಂಡವಳು, ತಿರುಗಿ ಬೈದು ಅವನದೇ ಕಾಫಿ ಕುಡಿದು ಹೋದವಳು. ಆ ಚಳಿಗಾಲದ ಕೊನೆಗೆ ಅವಳಿಗೂ ನಿವೃತ್ತಿಯಾಯಿತು. ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಕೈಯಲ್ಲಿ ಕಾಗದವಿಲ್ಲದೆ ಅವನ ಬಾಗಿಲಿಗೆ ಬಂದು ನಿಂತಳು.

"ಫ್ರಿಡ್ಲಿ, ನಂಗೂ ಬಂದೂಕಲ್ಲಿ ಗುರಿ ಹೊಡೆಯೋದು ಕಲಿಸ್ಕೊಡೋ."

ಫ್ರಿಡೋಲಿನ್‌ನ ಕಿವಿ ನೆಟ್ಟಗಾಯಿತು. "ಈ ವಯಸ್ಸಲ್ಲಾ? ಯಾಕೆ?"

"ಸುಮ್ನೆ."

"ಸುಮ್ನೆ ಯಾರೂ ಏನೂ ಮಾಡಲ್ಲ."

"ಸರಿ, ನಿನ್ನ ಕೊಲ್ಲೋಕೆ ಅಂದ್ಕೋ. ಕಲಿಸ್ತೀಯೋ, ಇಲ್ವೋ?"

ಒಪ್ಪಿಕೊಂಡ. ಕಲಿಸು ಎಂದು ಕೇಳಿದವರನ್ನು ವಾಪಸು ಕಳಿಸುವಷ್ಟು ಗಟ್ಟಿ ಮನಸ್ಸು ಅವನದಲ್ಲ. ಆದರೆ ಒಳಗೊಳಗೇ ಹುಳ ಕೊರೆಯತೊಡಗಿತು, ಏಕೆಂದರೆ ಅದು ಅಂಥಿಂಥ ವರ್ಷವಾಗಿರಲಿಲ್ಲ. ಮೇ ಕೊನೆಯ ವಾರ ದೇಶದ ಹಳ್ಳಿಹಳ್ಳಿಯೂ ಗುರಿಮನೆಗೆ ನಡೆದು ಹದಿನೆಂಟು ಗುಂಡು ಹೊಡೆಯುವ ಪಂದ್ಯ. ಗುಂಡಿಗೆ ಹೆಚ್ಚೆಂದರೆ ನಾಲ್ಕು ಅಂಕ, ಐವತ್ತೇಳು ಮುಟ್ಟಿದವರಿಗೆ ಎದೆಗೆ ಚುಚ್ಚುವ ಒಂದು ಪುಟ್ಟ ಬಿಲ್ಲೆ. ಫ್ರಿಡೋಲಿನ್‌ನ ಗೋಡೆಯಲ್ಲಿ, ಅವನದೇ ಕಾರ್ಖಾನೆಯ ಕೆಂಪು ಕರವಸ್ತ್ರದ ಮೇಲೆ, ಒಂದು ವರ್ಷವೂ ತಪ್ಪದೆ ಗೆದ್ದ ಮೂವತ್ತೊಂಬತ್ತು ಬಿಲ್ಲೆಗಳಿದ್ದವು. ಕೆಳಗಿನ ಸಾಲಿನ ತುದಿಯಲ್ಲಿ ಒಂದೇ ಒಂದು ಜಾಗ ಖಾಲಿ. ಆ ಜಾಗ ತುಂಬಬಾರದೆಂದು ಬಯಸುವವರ ಪಟ್ಟಿ ಅವನ ತಲೆಯಲ್ಲಿ ಸಿದ್ಧವಿತ್ತು. ಮೊದಲ ಹೆಸರು ಹೈರಿಯದು. ಗುರಿಹಲಗೆಗಳ ಕೆಳಗಿನ ಹಳ್ಳದಲ್ಲಿ ಕೂತು, ತೂತು ನೋಡಿ ಅಂಕ ತೋರಿಸುವ ತಂಡದ ಮುಖ್ಯಸ್ಥ ಅವನು. ನೆಂಟರಿಗೆ ಒಂದು ಅಂಕ ಹೆಚ್ಚು ತೋರಿಸುತ್ತಾನೆಂದು ಫ್ರಿಡೋಲಿನ್ ಮೂರು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ ಹೇಳಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆರು ಶನಿವಾರ ಪಾಠ ನಡೆಯಿತು. ಚಾಪೆಯ ಮೇಲೆ ಮಲಗುವುದು, ಮೊಣಕೈ ಊರುವುದು, ಅರ್ಧ ಉಸಿರು ಬಿಟ್ಟು ನಿಲ್ಲಿಸುವುದು. "ಬಂದೂಕಿನ ಕುದುರೆ ಎಳೀಬೇಡ, ಬೆರಳಲ್ಲಿ ಹಿಂಡು. ಯಾವಾಗ ಢಂ ಅಂತು ಅಂತ ನಿಂಗೇ ಗೊತ್ತಾಗ್ಬಾರ್ದು." ಎಲ್ಲಕ್ಕಿಂತ ಹೆಚ್ಚಾಗಿ ಅವನು ತಲೆ ತಿಂದದ್ದು ಒಂದೇ ವಿಷಯಕ್ಕೆ: "ಪ್ರತಿ ಗುಂಡಿಗೂ ಮುಂಚೆ ಹಲಗೆ ಕೆಳಗಿನ ನಂಬರು ನೋಡು, ಬಾಯಲ್ಲಿ ಹೇಳ್ಕೋ. ಪಕ್ಕದ ಹಲಗೆಗೆ ಹೊಡೆದ್ರೆ ನಿಂಗೆ ಸೊನ್ನೆ, ಪಕ್ಕದವರಿಗೆ ಲಾಭ. ಅದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ."

ರೆಗುಲಾ ಅಕ್ಷರಶಃ ಪಾಲಿಸಿದಳು. ಅವಳು "ಐದು... ಐದು..." ಎಂದು ಜಪಿಸುವುದು ಕೇಳಿ ಗುರಿಮನೆಯೆಲ್ಲ ನಗುತ್ತಿತ್ತು. ಆದರೆ ಅವಳಿಗೆ ಐದೇ ಯಾಕೆ ಬೇಕು? ಯಾವಾಗಲೂ ನಾಲ್ಕರಲ್ಲಿ ಮಲಗುವ ಇವನ ಪಕ್ಕವೇ ಯಾಕೆ? "ನಿಂಗೆ ಆ ನಂಬರು ಕಾಣ್ಸುತ್ತಾ ಫ್ರಿಡ್ಲಿ?" ಎಂದು ಪದೇಪದೇ ಕೇಳುವುದು ಯಾಕೆ?

"ನಲವತ್ತು ವರ್ಷದಿಂದ ಕಾಣ್ತಿದೆ," ಎಂದು ಗದರಿದ. ನಂಬರು ನೋಡುವುದನ್ನು ಬಿಟ್ಟು, ನಾಲ್ಕರ ಹಿಂದಿನ ಎತ್ತರದ ಮರದ ಗುರುತು ಹಿಡಿದು ಹೊಡೆಯುತ್ತಿದ್ದುದನ್ನು ಹೇಳಲಿಲ್ಲ.

ಪಂದ್ಯದ ಬೆಳಿಗ್ಗೆ ಅವನಿಗೆ ಬೇಕಾಗಿದ್ದ ಸಾಕ್ಷಿ ಸಿಕ್ಕಿಯೇಬಿಟ್ಟಿತು. ರೆಗುಲಾ ತಾನು ಒಲೆಯಲ್ಲಿ ಬೇಯಿಸಿ ತಂದ ಬಾದಾಮಿ ಕಡುಬಿನ ತುಂಡನ್ನು ಹೈರಿಗೆ ಕೊಡುತ್ತಿದ್ದಳು! ಅವನೇನೋ ಅಂದ, ಅವಳು ನಕ್ಕಳು. ಫ್ರಿಡೋಲಿನ್ ಮುಖ ತಿರುಗಿಸಿದ. ತನ್ನ ಪಾಲಿನ ತುಂಡನ್ನು ಮುಟ್ಟಲೂ ಇಲ್ಲ.

ಮೊದಲ ಹನ್ನೆರಡು ಗುಂಡು ಅವನಿಗೆ ಚೆನ್ನಾಗಿಯೇ ಬಿದ್ದವು, ನಲವತ್ತೈದು ಅಂಕ. ಇನ್ನು ಹನ್ನೆರಡು ಸಿಕ್ಕಿದರೆ ಸಾಕು, ಅದೂ ಆರು ಗುಂಡಿನಲ್ಲಿ. ರೆಗುಲಾಳದು ಮೂವತ್ತಾರು. ಕೊನೆಯ ಸುತ್ತಿನಲ್ಲಿ ಒಂದೇ ನಿಮಿಷಕ್ಕೆ ಆರು ಗುಂಡು ಮುಗಿಯಬೇಕು, ಮರ ಹುಡುಕುತ್ತ ಕೂರಲು ಹೊತ್ತಿಲ್ಲ. ಫ್ರಿಡೋಲಿನ್ ಎರಡು ಹೊಡೆದ, ಮೊಣಕೈ ಸರಿಸಿಕೊಂಡ, ಮತ್ತೆ ಹಲಗೆಯ ನಡುವಿನ ಕಪ್ಪು ಕಂಡಲ್ಲಿ ನಾಲ್ಕು ಹೊಡೆದ. ಹಲಗೆಗಳು ಕೆಳಗಿಳಿದವು. ಆಮೇಲೆ ಹಳ್ಳದಿಂದ ಫೋನು ಬಂತು. ಸಂಘದ ಅಧ್ಯಕ್ಷ ಕೋಬಿ ಕೇಳಿಸಿಕೊಂಡು ಹುಬ್ಬು ಗಂಟಿಕ್ಕಿದ.

"ನಾಲ್ಕರಲ್ಲಿ ಎರಡೇ ತೂತಂತೆ. ಐದರಲ್ಲಿ ಹತ್ತು."

"ನಂಗೊತ್ತಿತ್ತು!" ಫ್ರಿಡೋಲಿನ್ ಎದ್ದು ನಿಂತ. "ಹೈರಿ ನನ್ನ ನಾಲ್ಕು ತೂತು ಮುಚ್ಚಿದಾನೆ, ಇವಳ ಹಲಗೆಗೆ ನಾಲ್ಕು ಕೊರೆದಿದಾನೆ. ಕಡುಬು ತಿಂದ ಋಣ! ಇಷ್ಟಕ್ಕೇನೇ ನನ್ನತ್ರ ಕಲಿಯೋಕೆ ಬಂದಿದ್ದು ನೀನು!"

ರೆಗುಲಾಳ ಮುಖ ಸಪ್ಪಗಾಯಿತು.

"ರೆಗುಲಾ, ನೀನು ಐದಕ್ಕೇ ಹೊಡೆದ್ಯಾ?" ಎಂದು ಕೋಬಿ ಕೇಳಿದ.

"ಆರು ಸಲಾನೂ ಹೇಳ್ಕೊಂಡು ಹೊಡೆದೆ. ಎಲ್ರಿಗೂ ಕೇಳಿಸಿದೆ."

"ನೀನು ನಂಬರು ನೋಡಿದ್ಯಾ, ಫ್ರಿಡ್ಲಿ?"

ಫ್ರಿಡೋಲಿನ್ ಹಲಗೆಗಳ ಕಡೆ ತಿರುಗಿದ. ನೋಡಿದೆ ಎಂದುಬಿಡಬಹುದಿತ್ತು, ಜಗಳ ಹಚ್ಚಿ, ಇನ್ನೊಂದು ಸುತ್ತು ಕೊಡಿ ಎಂದು ಹಟ ಹಿಡಿಯಬಹುದಿತ್ತು, ಕೋಬಿ ಕೊಡುತ್ತಲೂ ಇದ್ದ. ಮುನ್ನೂರು ಮೀಟರ್ ದೂರದಲ್ಲಿ ಕರಿಯ ಅಂಕಿಗಳಿರಬೇಕಾದ ಕಡೆ ಸಾಲಾಗಿ ಬಿಳಿಯ ಮಸಕು, ಹಾಲು ಚೆಲ್ಲಿದ ಹಾಗೆ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದ. ಎಲ್ಲರೂ ಕಾಯುತ್ತಿದ್ದರು.

"ನೋಡಲಿಲ್ಲ," ಎಂದ. "ಆ ನಾಲ್ಕೂ ನನ್ನವೇ. ಹೈರಿಗೆ ಹೇಳಿ, ಅವನ ತಪ್ಪೇನಿಲ್ಲ."

ನಿಯಮದಂತೆ ಅವನಿಗೆ ಐವತ್ಮೂರು, ಐದನೇ ಹಲಗೆಯ ಹತ್ತು ತೂತುಗಳಲ್ಲಿ ಒಳ್ಳೆಯ ಆರು ಲೆಕ್ಕಕ್ಕೆ ಬಂದು ರೆಗುಲಾಳಿಗೆ ಅರವತ್ತು. ಅವಳಿಗೆ ಬಿಲ್ಲೆ ಚುಚ್ಚುವಾಗ ಫ್ರಿಡೋಲಿನ್ ಅಲ್ಲಿರಲಿಲ್ಲ.

ಮಧ್ಯಾಹ್ನ ಅವಳು ಅವನ ಅಡುಗೆಮನೆಗೆ ಬಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. "ಖಾಲಿ ಜಾಗಕ್ಕೆ ಚುಚ್ಕೋ. ನಿನ್ನ ಗುಂಡಿಂದಲೇ ಬಂದಿದ್ದು."

"ಬೇಡ. ನಾನು ಹೊಡೆದಿದ್ದು ಐದಕ್ಕೆ. ನಿಂದೇ ಅದು." ಅವನು ಬಿಲ್ಲೆಯನ್ನು ಅವಳ ಕಡೆಗೇ ತಳ್ಳಿದ. "ನಿಂಗೆ ಮೊದ್ಲೇ ಗೊತ್ತಿತ್ತು."

"ಜನವರೀಲಿ ನೀನು ಗೋಡೆಗೆ ಒರಗಿಸಿದ್ದ ನನ್ನ ಸೈಕಲ್ಲಿಗೆ, ನಾನೇ ಅಂದ್ಕೊಂಡು, ನಮಸ್ಕಾರ ಹೇಳ್ದೆ. ನಾನು ಆಚೆ ಗೇಟಿನ ಹತ್ರ ಇದ್ದೆ."

"ಆಸ್ಪತ್ರೆ ಕಾಗದಾನೂ ಬೆಳಕಿಗೆ ಹಿಡಿದು ನೋಡಿದ್ಯಾ?"

"ಕಣ್ಣಾಸ್ಪತ್ರೆ ಅಂತ ಲಕೋಟೆ ಮೇಲೇ ಅಚ್ಚಾಗಿತ್ತು ಕಣೋ, ಬೆರಳುದ್ದದ ಅಕ್ಷರ. ನೇರವಾಗಿ ಹೇಳಿದ್ರೆ ನೀನು ನಂಬ್ತಿದ್ಯಾ? ಪಕ್ಕದಲ್ಲಿ ಮಲಗೋಕೆ ಬಂದೆ, ನಿಂಗೆಷ್ಟು ಕಾಣ್ಸುತ್ತೆ ಅಂತ ತಿಳ್ಕೊಳೋಕೆ."

ಫ್ರಿಡೋಲಿನ್‌ಗೆ ನಾಚಿಕೆಯಾಯಿತು, ದುಃಖವೂ ಬಂತು. ಎದ್ದು ಹೋಗಿ ಕೆಂಪು ಕರವಸ್ತ್ರದ ಹಿಂದೆ ಕೈಹಾಕಿ, ನಾಲ್ಕು ತಿಂಗಳಿಂದ ಅಲ್ಲಿ ಸಿಕ್ಕಿಸಿಟ್ಟಿದ್ದ ಲಕೋಟೆಯನ್ನು ತಂದ. ಅಂಟು ಬಿಚ್ಚಿರಲಿಲ್ಲ.

"ಓದು," ಎಂದ. "ಇದ್ದದ್ದು ಇದ್ದ ಹಾಗೆ ಓದು."

ಒಳಗಿನ ಹಾಳೆ ಹರಿಯದಂತೆ ಯಾವ ಅಂಚನ್ನು ಸೀಳಬೇಕೆಂದು ನೋಡಲು ರೆಗುಲಾ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಫ್ರಿಡೋಲಿನ್‌ಗೆ ಅಷ್ಟು ಕಂಡಿತು. ಬಾಯಿ ತೆರೆದವನು, ಏನೂ ಅನ್ನದೆ ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.